ಯಂತ್ರ ನಿಂತ ಮೇಲೆ ಊಟ

ಹಾಸಿಗೆ ಹೊಲಿಯುವವನ ತಾಯಿಗೆ ಕಣ್ಣು ಹೋಗಿ ವರ್ಷಗಳಾಗಿದ್ದವು. ಮಗನ ಹತ್ತಿ ಹಿಂಜುವ ಯಂತ್ರವೇ ಅವಳ ಗಡಿಯಾರ. ಮನೆಯ ಮುಂಭಾಗದಲ್ಲೇ ಅಂಗಡಿ. ನಡುವೆ ಒಂದೇ ಗೋಡೆ. ಯಂತ್ರ ಗರಗರ ಎನ್ನುವಷ್ಟು ಹೊತ್ತೂ ಹಗಲು. ಅದು ನಿಂತಿತೆಂದರೆ ಸಂಜೆಯಾಯಿತು, ಮಗ ಊಟಕ್ಕೆ ಬಂದ. ಅವಳು ತಡಕಾಡುತ್ತ ಎರಡು ತಟ್ಟೆ ಇಟ್ಟು, "ಕೈ ತೊಳ್ಕೊ" ಎನ್ನುವಳು. ಅವನು ಬಾರದೆ ತುತ್ತು ಎತ್ತಿದವಳಲ್ಲ. ಅವನು ಗಿರಾಕಿಗಳ ಸುದ್ದಿ ತೆಗೆದರೆ, "ಹತ್ತಿ ಹಿಂಜಿದ್ದು ಸಾಲ್ದಾ? ಮಾತೂ ಹಿಂಜ್ಬೇಕಾ?" ಎಂದು ಗದರಿ ತಾನೇ ನಗುವಳು.

ಹೀಗಿರುವಾಗ ಅಂಗಡಿ, ಕಾರ್ಖಾನೆಗಳ ಕರೆಂಟಿಗೆ ಹೊತ್ತಿಗೊಂದು ದರ ಬಂತು. ನಡುಹಗಲು ಅಗ್ಗ, ಸಂಜೆ ದುಬಾರಿ.

"ಬಿಸಿಲಿರೋವಾಗ್ಲೇ ಹಿಂಜಿ ಮುಗಿಸಿ. ಸಂಜೆ ಕೂತು ಹೊಲೀರಿ, ಸೂಜಿಗೇನು ಕರೆಂಟು ಬೇಕಾ?" ಎಂದಳು ಹೆಂಡತಿ.

ಮಾತು ಸರಿಯಾಗಿಯೇ ಇತ್ತು. ಅವನು ಬಿಸಿಲು ಇಳಿಯುವ ಮೊದಲೇ ಯಂತ್ರ ನಿಲ್ಲಿಸಿ, ಕತ್ತಲಾಗುವವರೆಗೆ ಕೈಯಲ್ಲಿ ಹೊಲಿಯತೊಡಗಿದ.

ಅಂದಿನಿಂದ ತಾಯಿಗೆ ಹೊತ್ತು ತಪ್ಪಿತು. ಯಂತ್ರ ನಿಂತೊಡನೆ ತಟ್ಟೆ ಇಟ್ಟು ಕಾಯುವಳು. ಅನ್ನ ಆರಿ ತಣ್ಣಗಾಗುವುದು.

"ಇನ್ನೂ ಸಂಜೆ ಆಗಿಲ್ಲ ಅತ್ತೆ. ಕರೆಂಟು ದುಬಾರಿ ಅಂತ ನಿಲ್ಸಿದಾರೆ" ಎನ್ನುವಳು ಸೊಸೆ.

"ಯಂತ್ರ ನಿಂತ್ಮೇಲೆ ಅವನಿಗೆ ಅಲ್ಲೇನು ಕೆಲ್ಸ? ನನ್ಮೇಲೆ ಮುನಿಸಾ?"

ಒಂದು ದಿನ ಗೋಡೆ ಹಿಡಿದುಕೊಂಡು ಅಂಗಡಿಗೇ ಬಂದಳು. ಹರಡಿದ್ದ ಹತ್ತಿಯ ಮೇಲೆ ಕಾಲಿಟ್ಟಳು. ದಾರ ಕಾಲಿಗೆ ಸಿಕ್ಕಿ ಹೊಲಿಗೆ ಕಿತ್ತುಬಂತು. ಗಿರಾಕಿ ಎದುರಿಗೇ ನಿಂತಿದ್ದ.

"ಹಸಿವಾದ್ರೆ ತಿನ್ನಮ್ಮ. ನನ್ನ ಯಾಕೆ ಕಾಯ್ತೀಯ?" ಎಂದುಬಿಟ್ಟ ಮಗ.

"ಆಯ್ತಪ್ಪ" ಎಂದಳು.

ಆಮೇಲೆ ಅವಳು ಕರೆಯಲೂ ಇಲ್ಲ, ತಟ್ಟೆ ಇಡಲೂ ಇಲ್ಲ. ಸೊಸೆ ಬಡಿಸಿದರೆ ಎರಡು ತುತ್ತು ತಿಂದು ಸಾಕೆನ್ನುವಳು. ಚಳಿ ಬರುವಷ್ಟರಲ್ಲಿ, ಊರಿಗೆಲ್ಲ ಹಾಸಿಗೆ ಹೊಲಿದವನ ತಾಯಿ ಹಾಸಿಗೆ ಹಿಡಿದಳು. ಅವನು ಹೊಸ ಹತ್ತಿ ತಂದು ಅವಳಿಗೊಂದು ಮೆತ್ತನೆಯ ಹಾಸಿಗೆ ಮಾಡಿಕೊಟ್ಟ. ಅವಳು ಮಲಗಿದರೆ ಅದು ಒಂದಿಷ್ಟೂ ತಗ್ಗುತ್ತಿರಲಿಲ್ಲ.

ಒಂದು ಸಂಜೆ, "ಅವನು ಇನ್ನೂ ಬರ್ಲಿಲ್ವಾ?" ಎಂದು ಸೊಸೆಯನ್ನು ಕೇಳಿದಳು. ಅವನು ಪಕ್ಕದಲ್ಲೇ ಕೂತಿದ್ದ.

"ಇಲ್ಲೇ ಇದೀನಮ್ಮ."

"ಯಂತ್ರ ನಿಂತ ಸದ್ದೇ ಕೇಳ್ಲಿಲ್ಲ" ಎಂದಳು, ನಂಬದೆ.

ಅವನು ಎದ್ದು ಅಂಗಡಿಗೆ ಹೋದ. ಕರೆಂಟು ತೀರಾ ದುಬಾರಿಯಾದ ಹೊತ್ತು. ಹೆಂಡತಿ ತಡೆಯಲಿಲ್ಲ. ಹತ್ತಿಯಿಲ್ಲದ ಬರಿ ಯಂತ್ರವನ್ನು ಸ್ವಲ್ಪ ಹೊತ್ತು ಓಡಿಸಿ, ನಿಲ್ಲಿಸಿ, ಒಳಗೆ ಬಂದ.

ತಾಯಿಯ ಕೈ ತಟ್ಟೆ ಇಡಲು ಜಾಗ ಮಾಡುವಂತೆ ಹಾಸಿಗೆಯನ್ನು ಸವರುತ್ತಿತ್ತು.

"ಕೈ ತೊಳ್ಕೊ" ಎಂದಳು.

ಅವನು ಬಚ್ಚಲಿಗೆ ಹೋಗಿ ಕೈ ತೊಳೆದುಕೊಂಡು ಬಂದ. ಅಷ್ಟರಲ್ಲಿ ಅವಳ ಕೈ ನಿಂತಿತ್ತು. ಅವನು ಒದ್ದೆ ಕೈಯನ್ನು ಒರೆಸಿಕೊಳ್ಳದೆ, ಊಟಕ್ಕೆ ಕೂರುವ ಹಾಗೆ ಅವಳೆದುರು ಚಕ್ಕಳಮಕ್ಕಳ ಹಾಕಿ ಕೂತುಕೊಂಡ.