ಕೊಟ್ಟಿಗೆಯ ಗೋಡೆಯಾಚೆ ಕೇಳಿಸಿಕೊಂಡದ್ದು

ಐವತ್ತೆರಡನೇ ವಯಸ್ಸಿನಲ್ಲಿ ಕವಿತೆ ಬರೆಯತೊಡಗಿದೆ ಅಂತ ಹೇಳಿಕೊಳ್ಳಲು ನನಗೆ ಈಗಲೂ ನಾಚಿಕೆ. ನಮ್ಮ ಕಡೆ ಆ ವಯಸ್ಸಿಗೆ ಹೆಂಗಸರಿಗೆ ಮಂಡಿನೋವು ಶುರುವಾಗುತ್ತದೆ, ಇಲ್ಲವೇ ಭಜನೆ ಶುರುವಾಗುತ್ತದೆ. ನನಗೆ ಎರಡೂ ಆಗಿ, ಮೇಲೆ ಇದೂ ಅಂಟಿಕೊಂಡಿತು. ಮೊಮ್ಮಗಳಿಗೆ ಶಾಲೆಯ ಪದ್ಯ ಬಾಯಿಪಾಠ ಮಾಡಿಸುತ್ತಾ ಮಾಡಿಸುತ್ತಾ ಅವಳು ಮರೆತಳು, ನನಗೆ ಹಿಡಿಯಿತು. ಹರಿದ ಕ್ಯಾಲೆಂಡರಿನ ಹಾಳೆ ಮಗುಚಿಕೊಂಡು ಒಲೆ ಪಕ್ಕ ಕೂತು ಗೀಚುತ್ತಿದ್ದೆ. ನಮ್ಮ ಯಜಮಾನರು ಇಣುಕಿ ನೋಡಿ, "ಏನೇ, ಸಾಮಾನು ಚೀಟಿನಾ? ಬೆಲ್ಲ ಮರೀಬೇಡ" ಅನ್ನುತ್ತಿದ್ದರು. ನಾನು "ಹೂಂ" ಅಂದು ಹಾಳೆಯನ್ನು ತೊಡೆ ಕೆಳಗೆ ಸರಿಸುತ್ತಿದ್ದೆ.

ಕೊನೆಗೆ ಧೈರ್ಯ ಮಾಡಿ ಊರಿನ ಶಾಲೆಯ ಟೀಚರಮ್ಮನಿಗೆ ತೋರಿಸಿದೆ. ಅವರು ನನಗಿಂತ ಚಿಕ್ಕವರು, ನಗುಮುಖದವರು. ಒಂದೊಂದೇ ಹಾಳೆ ತಿರುವಿದರು. "ಅಕ್ಕಾ, ಈ ಚಂದ್ರನ್ನ ಎಲ್ಲರೂ ಬರೆದು ಮುಗಿಸಿದ್ದಾರೆ. ನಿಮ್ಮನೇಲಿ ಏನೂ ಇಲ್ವಾ?" ಅಂದರು.

ಮನೆಯಲ್ಲಿ ಇದ್ದದ್ದು ನಮ್ಮಮ್ಮ ಮತ್ತು ಅವಳ ಹಸು.

ಅಪ್ಪ ಹೋದ ಮೇಲೆ ಅಮ್ಮ ನಮ್ಮ ಜೊತೆಗೇ ಇದ್ದಾಳೆ. ಮುಳಬಾಗಿಲಿನಿಂದ ಕುರುಡುಮಲೆ ದಾರಿಯಲ್ಲಿ ನಮ್ಮೂರು. ಅಮ್ಮ ಗಡಿಯಾಚೆ ಹುಟ್ಟಿದವಳು, ಮನೆಯಲ್ಲಿ ಅವಳದೂ ನನ್ನದೂ ತೆಲುಗೇ. ಅಂಗಡಿಗೆ, ಆಸ್ಪತ್ರೆಗೆ ಬೇಕಾದಷ್ಟು ಕನ್ನಡ ಅವಳಿಗೆ ಬರುತ್ತದೆ, ಪುಸ್ತಕದ ಕನ್ನಡ ಬರುವುದಿಲ್ಲ. ಹಾಲು ಕರೆಯುವುದು ಅವಳದೇ ಕೆಲಸ, ಬೇರೆ ಯಾರು ಕೂತರೂ ಹಸು ಒದೆಯುತ್ತದೆ. ಅದಕ್ಕೆ ಅಮ್ಮನ ಮಾತು ಬೇಕು. ಕೆಚ್ಚಲು ತೊಳೆಯುವಾಗ ಶುರುವಾದ ಮಾತು ಡೈರಿಯ ಕ್ಯಾನು ತುಂಬುವವರೆಗೂ ನಡೆಯುತ್ತಲೇ ಇರುತ್ತದೆ. ಅರ್ಧ ಹಾಡು, ಅರ್ಧ ಬೈಗುಳ. ಯಾರಾದರೂ ಬಂದರೆ ಬಾಯಿ ಮುಚ್ಚಿಕೊಳ್ಳುತ್ತಾಳೆ.

ಟೀಚರಮ್ಮ ಹಾಗಂದ ಮೇಲೆ ನಾನು ಕೊಟ್ಟಿಗೆಯ ಗೋಡೆಯಾಚೆ, ಸೌದೆ ಹತ್ತಿರ, ನಿಂತುಕೊಳ್ಳತೊಡಗಿದೆ.

"ನನ್ನ ಮಗಳಿಗೆ ಹೂಂ ಅನ್ನೋಕೂ ಪುರುಸೊತ್ತಿಲ್ಲ ತಾಯಿ. ನೀನಾದರೂ ಕಿವಿ ಆಡಿಸ್ತೀಯ" ಅಂತ ತೆಲುಗಿನಲ್ಲಿ ಹಸುವಿಗೆ ದೂರು ಹೇಳುತ್ತಿದ್ದಳು. ನಾನು ಸೆರಗು ಬಾಯಿಗಿಟ್ಟು ನಕ್ಕೆ. ಇನ್ನೊಂದು ದಿನ ಅಪ್ಪನ ಸರದಿ. "ಸಾರಿಗೆ ಉಪ್ಪು ಸಾಲದು ಅಂತ ನಲವತ್ತು ವರ್ಷ ಹೇಳಿದ, ನೀನು ಉಂಡೆಯಾ ಅಂತ ಒಂದು ದಿನ ಕೇಳಲಿಲ್ಲ." ಆಮೇಲೊಂದು ಬೆಳಿಗ್ಗೆ ದನಿ ತಗ್ಗಿಸಿ, "ದೊಡ್ಡವಳು ಉಳಿದಿದ್ದರೆ ಈ ಹೊತ್ತಿಗೆ ನನ್ನ ಕಾಲು ಒತ್ತುತ್ತಿದ್ದಳು. ಹನ್ನೊಂದೇ ದಿನ ಇದ್ದಳು, ಹೆಸರೂ ಇಡಲಿಲ್ಲ" ಅಂದಳು.

ನನಗಿಂತ ಮೊದಲು ಒಬ್ಬಳು ಹುಟ್ಟಿದ್ದಳೆಂದು ನನಗೆ ಗೊತ್ತಾದದ್ದು ಹಾಗೆ. ಮನೆಯಲ್ಲಿ ಯಾರೂ ಹೇಳಿರಲಿಲ್ಲ. ಒಳಗೆ ಹೋಗಿ ಅಮ್ಮನ ಪಕ್ಕ ಕೂರಬೇಕಿತ್ತು. ನಾನು ಅಡುಗೆಮನೆಗೆ ಹೋದೆ, ಮರೆಯುವ ಮುಂಚೆ ಬರೆದುಕೊಳ್ಳಲು.

ಅದು ಒಳ್ಳೆಯ ಕವಿತೆಯಾಯಿತು. ಒಳ್ಳೆಯದೆಂದು ನನಗೇ ಗೊತ್ತಾಯಿತು. ಟೀಚರಮ್ಮ ಓದಿ, ಕೋಲಾರದ ಕವಿಗೋಷ್ಠಿಗೆ ನನ್ನ ಹೆಸರು ಕೊಟ್ಟೇಬಿಟ್ಟರು. ಯಜಮಾನರಿಗೆ ಅವತ್ತು ಟೊಮೇಟೊ ಕೊಯ್ಲು. ಅಮ್ಮ, "ಒಬ್ಬಳೇ ಹೋಗಬೇಡ, ನಾನು ಬರ್ತೀನಿ" ಅಂತ ಹಬ್ಬದ ಸೀರೆ ತೆಗೆದಳು. ನಾನು ಬೇಡವೆನ್ನಲಿಲ್ಲ. ಮೈಕಿನ ಕನ್ನಡ ಇವಳಿಗೆ ಎಲ್ಲಿ ತಿಳಿಯುತ್ತದೆ ಅಂದುಕೊಂಡೆ. ವೇದಿಕೆಯ ಮೇಲೆ ಆಮೇಲೆ ಯಾರೋ ನನ್ನ ಧೈರ್ಯವನ್ನು ಹೊಗಳಿದರು. ಅವರು ಹೊಗಳಿದ ಧೈರ್ಯ ಇಷ್ಟೇ.

ಕಿವಿ ಆಡಿಸುವ ಸಾಲಿಗೆ ಸಭೆ ನಕ್ಕಿತು. ಹನ್ನೊಂದು ದಿನದ ಸಾಲಿಗೆ ಸದ್ದಡಗಿತು. ಮುಗಿದಾಗ ಚಪ್ಪಾಳೆ. ಎರಡನೇ ಸಾಲಿನಲ್ಲಿ ಅಮ್ಮ, ಮಡಿಲಲ್ಲಿದ್ದ ಚೀಲ ಪಕ್ಕಕ್ಕಿಟ್ಟು, ಎಲ್ಲರಿಗಿಂತ ಹೆಚ್ಚು ಹೊತ್ತು ತಟ್ಟಿದಳು. ನನಗೆ ಶಾಲು ಹೊದಿಸಿದರು. ನಾನು ಅವಳ ಕಡೆ ನೋಡಲಿಲ್ಲ.

ವಾಪಸು ಬಸ್ಸಿನಲ್ಲಿ ಅವಳೇ ಕೇಳಿದಳು. "ಏಮೇ ಚದಿವಿನಾವು ಅಕ್ಕಡ? ಅಂದುರೂ ಚಪ್ಪಟ್ಲು ಕೊಟ್ಟಿರಿ, ನೇನೂ ಕೊಟ್ಟಿನಾ." ಅಲ್ಲಿ ಓದಿದ್ದಾದರೂ ಏನೇ, ಎಲ್ಲರೂ ತಟ್ಟಿದರು ಅಂತ ನಾನೂ ತಟ್ಟಿದೆ, ಅಂತ.

"ಹಸುವಿನ ಮೇಲೆ ಒಂದು."

"ಯಾವ ಹಸು?"

"ನಮ್ಮದೇ."

"ಅದರಲ್ಲಿ ಚಪ್ಪಾಳೆ ತಟ್ಟೋದು ಏನಿದೆ? ಒದೆಯೋದಾ?"

ಸುಳ್ಳು ಹೇಳಬಹುದಿತ್ತು. ಅವಳ ಆ ಚಪ್ಪಾಳೆ ನೋಡಿದ ಮೇಲೆ ಬಾಯಿಗೆ ಸುಳ್ಳು ಬರಲಿಲ್ಲ. "ನೀನು ಅದಕ್ಕೆ ಹೇಳ್ತೀಯಲ್ಲ, ಅದನ್ನ ಬರೆದೆ" ಅಂದೆ. "ಯಾವುದನ್ನ?" ಅಂದಳು. "ಎಲ್ಲಾನೂ" ಅಂದೆ. ಅಮ್ಮ ಕಿಟಕಿ ಕಡೆ ತಿರುಗಿದಳು. ಮುಳಬಾಗಿಲು ಬರುವವರೆಗೂ ತಿರುಗಿಯೇ ಇದ್ದಳು.

ಮರುದಿನ ಕೊಟ್ಟಿಗೆಯಲ್ಲಿ ಮಾತಿಲ್ಲ. ಹಸು ಒದ್ದಾಡಿತು, ಹಾಲು ಅರ್ಧಕ್ಕಿಳಿಯಿತು. ಅದರ ಮರುದಿನವೂ ಹಾಗೇ. ಯಜಮಾನರು, "ಏನತ್ತೆ, ಹಸುಗೂ ನಿಮಗೂ ಜಗಳವಾ?" ಅಂತ ಕೇಳಿದರು. ಅಮ್ಮ ಕ್ಯಾನು ಎತ್ತಿಕೊಂಡು ಡೈರಿಗೆ ಹೊರಟಳು. ಶಾಲನ್ನು ನಾನು ಬೀರುವಿನಲ್ಲಿ ಹಳೇ ಸೀರೆಗಳ ಅಡಿಗೆ ತುರುಕಿದೆ. ಅವಳಿಗಿದ್ದ ಒಂದೇ ಒಂದು ಕಿವಿಯನ್ನೂ ನಾನು ಕಿತ್ತುಕೊಂಡಿದ್ದೆ. ಊಟಕ್ಕೆ ಕೂತರೆ ಅವಳ ಮುಂದೆ ತಲೆ ಎತ್ತಲಾಗುತ್ತಿರಲಿಲ್ಲ.

ಆ ವಾರ ಕಳೆಯುವುದರೊಳಗೆ ಒಂದು ಬೆಳಿಗ್ಗೆ ಸೌದೆ ತರಲು ಹೋದಾಗ ಅವಳ ದನಿ ಕೇಳಿಸಿತು. ಈ ಸಲ ಗಟ್ಟಿಯಾಗಿ, ನನಗೆ ಕೇಳಲಿ ಅಂತಲೇ. "ನಿನ್ನ ಹಾಲು ಕದ್ದರೆ ಒದೀತೀಯ. ನನ್ನ ಮಾತು ಕದ್ದವಳಿಗೆ ಶಾಲು ಹೊದಿಸ್ತಾರೆ ನೋಡು ತಾಯಿ."

ಆ ಸಾಲು ಕೇಳಿದ ಕೂಡಲೇ ನನ್ನ ತಲೆ ಅದನ್ನು ಜೋಡಿಸಿಡತೊಡಗಿತು. ಅದಕ್ಕಿಂತ ನಾಚಿಕೆಗೇಡಿನದು ನನಗೆ ಇನ್ನೊಂದು ನೆನಪಿಲ್ಲ. ಸೌದೆ ಅಲ್ಲೇ ಬಿಟ್ಟು ಕೊಟ್ಟಿಗೆಯ ಒಳಗೆ ಹೋದೆ. ಅಮ್ಮ ತಲೆ ಎತ್ತದೆ, "ಇದನ್ನೂ ಬರೀತೀಯಾ?" ಅಂದಳು.

"ನಿನ್ನ ಕೇಳದೆ ಬರಿಯಲ್ಲ."

"ಮೊದಲು ಅವತ್ತು ಓದಿದ್ದನ್ನ ಹೇಳು. ನಮ್ಮ ಮಾತಲ್ಲಿ ಹೇಳು."

ಹಿಂಡಿಯ ಬುಟ್ಟಿ ಮಗುಚಿ ಅವಳ ಪಕ್ಕ ಕೂತೆ. ಕನ್ನಡದಲ್ಲಿ ಅಷ್ಟು ಜನರ ಮುಂದೆ ಸಲೀಸಾಗಿ ಓದಿದ್ದು ತೆಲುಗಿನಲ್ಲಿ ಒಬ್ಬಳ ಮುಂದೆ ನಾಲಿಗೆ ದಾಟಲಿಲ್ಲ. ಪುಸ್ತಕದ ಮಾತಿನಲ್ಲಿ ಅದು ಕವಿತೆಯ ಮಗು. ನಮ್ಮ ಮಾತಿನಲ್ಲಿ ಅದು ಅವಳು ಹೆತ್ತ ಮಗು, ನನ್ನ ಅಕ್ಕ. ಕಿವಿ ಆಡಿಸುವ ಸಾಲು ಹೇಗೋ ಹೇಳಿದೆ, ಅಮ್ಮನ ಮೂಗಿನಿಂದ ಸಣ್ಣ ನಗು ಹೊರಟಿತು. ಅಪ್ಪನ ಉಪ್ಪಿನ ಸಾಲೂ ಆಯಿತು. "ದೊಡ್ಡವಳು" ಅನ್ನುವಲ್ಲಿಗೆ ಬಂದು ನಿಲ್ಲಿಸಿದೆ.

ಅಮ್ಮನ ಕೈ ಕೆಚ್ಚಲ ಮೇಲೇ ಇತ್ತು. ಹಾಲಿನ ಸದ್ದು ನಿಂತಿತ್ತು.

"ಕಾನೀ" ಅಂದಳು. ನಡೀಲಿ, ಅಂತ.