ಅಮಾಸಿ ಸೂಜಿ

ಅಮಾಸಿ ದಿನ ನಮ್ಮ ಕಡೆ ಎತ್ತ ಹೂಡಂಗಿಲ್ಲ. ಚಿಕ್ಕೇರೂರಾಗ ಎಲ್ಲಾರೂ ಮನ್ಯಾಗ ಇರತಿದ್ರು, ನಾನು, ಅವ್ವ, ತಂಗಿ ಮಾತ್ರ ಹಿರೇಕೆರೂರ ಬಸ್ ಹಿಡೀತಿದ್ವಿ. ತಂಗಿಗೆ ಸೂಜಿ ಮಾಡಿಸಬೇಕಿತ್ತು. ಸಣ್ಣಾಕಿದ್ದಾಗ ಕೀಲುನೋವಿನ ಜ್ವರ ಬಂದು ಆಕಿ ಹೃದಯದ ಕವಾಟಕ್ಕ ಪೆಟ್ಟು ಬಿದ್ದಿತ್ತು. ಜ್ವರ ತಿರುಗಿ ಬಂದ್ರ ಜೀವಕ್ಕ ಅಪಾಯ, ತಿಂಗಳಿಗೊಂದು ಪೆನಿಸಿಲಿನ್ ತಪ್ಪಿಸಬ್ಯಾಡ್ರಿ ಅಂದಿದ್ರು ಡಾಕ್ಟರು. ತಾರೀಖು ಮರೀತೈತಿ, ಅಮಾಸಿ ಮರ್ಯಂಗಿಲ್ಲ ಅಂತ ಅವ್ವ ಸೂಜಿನ್ನ ಅಮಾಸಿಗೆ ಗಂಟ್ ಹಾಕಿದ್ಲು. ಸೂಜಿ ಮಾಡಿಸ್ಕೊಂಡು ದವಾಖಾನಿಂದ ಕುಂಟ್‌ಕೋತ ಹೊರಗ ಬರೂ ತಂಗಿ, ಮಿರ್ಚಿ ಭಜಿ ಕೊಡಸದಿದ್ರ ಬಸ್ಸ ಏರತಿರಲಿಲ್ಲ, ಅಂಥಾ ಹಟಮಾರಿ.

ಒಂದ್ ಅಮಾಸಿಗೆ ಔಷಧ ಅಂಗಡ್ಯಾವ್ರು "ಸ್ಟಾಕ್ ಇಲ್ರಿ" ಅಂದ್ರು. ಮುಂದಿನ ಅಮಾಸಿಗೂ ಇಲ್ಲ. ಸವಣೂರಿಗೆ ಹೋದೆ, ಹಾನಗಲ್ಲಿಗೆ ಹೋದೆ. ಹಾನಗಲ್ಲ ಅಂಗಡ್ಯಾಗ ಔಷಧ ಕಂಪನಿ ಏಜೆಂಟ ಒಬ್ಬಾವ ಕುಂತಿದ್ದ. ಅವನ್ನ ಕೇಳಿದೆ. ಸುಳ್ಳಂತೂ ಹೇಳಲಿಲ್ಲ.

"ಹಳೇ ಔಷಧರೀ ಅಕ್ಕಾರ. ಅದರಾಗ ಕಂಪನಿಗೆ ಏನೂ ಗಿಟ್ಟಂಗಿಲ್ಲ. ಈಗ ಎಲ್ಲಾರೂ ಸಕ್ಕರಿ ರೋಗದ ಹೊಸಾ ಗುಳಿಗಿ ಹಿಂದ ಬಿದ್ದಾರ. ಅದನ್ನ ಸಾಯೂತನಕ ತಗೋಬೇಕಲ್ರಿ."

"ನನ್ನ ತಂಗಿನೂ ತಗೋಬೇಕಲ್ಲೋ ತಮ್ಮಾ!"

"ಇಂಥಾವ್ರು ಊರಿಗೆ ಒಬ್ಬಿಬ್ರು ಅದಾರಂತ ಕಂಪನಿಗೂ ಗೊತ್ತೈತ್ರಿ ಖರೆ, ಎಲ್ಲಾ ಬಡವರ್ರಿ," ಅಂದ. 

ಸೂಜಿ ಸಿಗೂತನಕ ದಿನಾ ನುಂಗಾಕ ಡಾಕ್ಟರು ಗುಳಿಗಿ ಬರಕೊಟ್ರು. ಅವ್ವನ ಲೆಕ್ಕ ಬ್ಯಾರೇನ ಇತ್ತು. "ರೋಗ ಇನ್ನೂ ಇದ್ದಿದ್ರ ಔಷಧ ಯಾಕ ಬಂದ್ ಮಾಡತಿದ್ರು? ಅಷ್ಟು ಕಲ್ತಾವ್ರು ಹುಚ್ಚರೇನ? ರೋಗ ಹೋಗೇತಿ, ಅದಕ್ಕ ಬಿಟ್ಟಾರ." ನಾ ಬಾಯಿ ಬಡ್ಕೊಂಡೆ. ತಂಗಿ ನಕ್ಕೋತ ಅವ್ವನ ಮಾತ ಹಿಡದು ಗುಳಿಗಿ ಬಿಟ್ಟಳು. ಆರಾಮನೂ ಇದ್ದಳು.

ಮಳಿಗಾಲದಾಗ ಗಂಟಲಬ್ಯಾನಿ ಬಂತು, ಆಮ್ಯಾಲ ಜ್ವರ. ಹುಬ್ಬಳ್ಳಿ ದವಾಖಾನಿಗೆ ಒಯ್ಯೂದ್ರಾಗ ತೇಕು ಹತ್ತಿತ್ತು. ಜೀವಂತ ತಿರುಗಿ ಬರಲಿಲ್ಲ ನನ್ನ ತಂಗಿ. ಈಗೂ ಬಸ್ಸಿನ್ಯಾಗ ಬೆನ್ನ ಹಿಂದ ಯಾರರೆ ತೇಕಿದ್ರ ಆಕಿನ ಬಂದು ಕುಂತಂಗ ಆಗತೈತಿ. ತಿರುಗಿ ನೋಡಾಕೂ ಅಂಜಿಕಿ, ನೋಡದ ಇರಾಕೂ ಆಗಂಗಿಲ್ಲ.

ಅವ್ವ ಅವತ್ತಿನಿಂದ ಸರಿಯಾಗಿ ಉಂಡಿಲ್ಲ. ತಾ ಆಡಿದ ಮಾತ ಹುಡುಗೀನ ತಿಂತು ಅಂತಾಳ. ಹ್ವಾದ ವಾರ ತಾಟು ಸರಿಸಿ ಕೇಳಿದ್ಲು: "ಔಷಧ ಮಾಡೂ ಮಂದಿಗೆ ನಮ್ಮ ಹುಡುಗಿಯಂಥಾವ್ರು ಅದಾರಂತ ಗೊತ್ತಿತ್ತೇನ?"

"ಗೊತ್ತಿತ್ತವ್ವಾ."

"ಹಂಗಾದ್ರ ತಪ್ಪು ನಂದೊಂದ ಅಲ್ಲ," ಅಂದ್ಲು. ತಾಟು ಎಳಕೊಂಡು, ಭಾಳ ದಿನದ ಮ್ಯಾಲ ಹೊಟ್ಟಿ ತುಂಬ ಉಂಡಳು.