ಗಂಟಲತ್ತೆಯ ಕಚ್ಚಾ ದನಿ

ಕಾರ್ಟೂನ್ ಧಾರಾವಾಹಿಯಲ್ಲಿ ಚಿತ್ರ ಮೊದಲು, ಮಾತು ಆಮೇಲೆ ಎಂದು ನೋಡುವವರು ತಿಳಿದಿರುತ್ತಾರೆ. ನಡೆಯುವುದು ಅದಕ್ಕೆ ತಿರುಗುಮುರುಗು. ಮೊದಲು ಯಾರಾದರೊಬ್ಬರು ಇಡೀ ಕಂತನ್ನು ಗಟ್ಟಿಯಾಗಿ ಓದುತ್ತಾರೆ. ಚಿತ್ರ ಬರೆಯುವವರು ಅದನ್ನು ಕೇಳುತ್ತ ಬಾಯಿ ಎಲ್ಲಿ ತೆರೆಯಬೇಕು, ಹುಬ್ಬು ಎಲ್ಲಿ ಏರಬೇಕು ಎಂದು ಬರೆದುಕೊಳ್ಳುತ್ತಾರೆ. ಚಿತ್ರ ಸಿದ್ಧವಾದ ಮೇಲೆ ಕಲಾವಿದರು ಬಂದು ಆ ಬಾಯಿಗೆ ಹೊಂದುವಂತೆ ಮಾತಾಡಿ ಹೋಗುತ್ತಾರೆ. ಮೊದಲು ಓದಿದ ದನಿಯನ್ನು ಅಳಿಸಿಬಿಡುತ್ತಾರೆ. ಅಳಿಸುವ ಆ ದನಿಗೆ ಕಚೇರಿಯವರು ಕಚ್ಚಾ ದನಿ ಎನ್ನುತ್ತಿದ್ದರು. ಅದನ್ನು ಕೊಡುತ್ತಿದ್ದವಳಿಗೆ ಕಚ್ಚಾ ಅಕ್ಕ ಎಂಬ ಹೆಸರು ಬಿದ್ದಿತ್ತು.

ಅವಳಿಗೆ ಸಂಬಳ ಬರುತ್ತಿದ್ದುದು ಬೇರೆ ಕೆಲಸಕ್ಕೆ. ಕಲಾವಿದರಿಗೆ ಫೋನು ಮಾಡಿ ಹೊತ್ತು ಗೊತ್ತುಮಾಡುವುದು, ಬಂದವರನ್ನು ಕೂರಿಸುವುದು, ತಡವಾದವರ ಪರವಾಗಿ ನಿರ್ದೇಶಕನ ಬೈಗುಳ ತಿನ್ನುವುದು. ಕಚೇರಿ ಇದ್ದದ್ದು ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ. ಕಚ್ಚಾ ದನಿಗೆ ಮೀಟಿಂಗ್ ಕೋಣೆಯೇ ಸಾಕಾಗಿತ್ತು. ಕಿಟಕಿಗೆ ಕಂಬಳಿ ಕಟ್ಟಿ, ಫ್ಯಾನು ನಿಲ್ಲಿಸಿ, ಬೆವರುತ್ತ ಅವಳು ತಂದೆ, ತಾಯಿ, ಮಕ್ಕಳು, ನಾಯಿ ಎಲ್ಲರ ಮಾತನ್ನೂ ಓದುತ್ತಿದ್ದಳು. ಎಷ್ಟೇ ಸೆಕೆಯಾದರೂ ಕೊರಳಿಗೆ ಸುತ್ತಿದ ಸ್ಕಾರ್ಫ್ ಮಾತ್ರ ತೆಗೆಯುತ್ತಿರಲಿಲ್ಲ.

ಅವರು ಮಾಡುತ್ತಿದ್ದ ಧಾರಾವಾಹಿ ಒಂದು ಮನೆಯ ಕಥೆ. ಅದರಲ್ಲಿ ಜನ ಮೆಚ್ಚಿದ್ದು ಮನೆಯ ಯಜಮಾನನ ಅಕ್ಕ ಗಂಟಲತ್ತೆಯನ್ನು. ಅವಳು ಅಡುಗೆಮನೆಯಲ್ಲಿ ಗುಟ್ಟು ಹೇಳಿದರೆ ಬೀದಿಯ ಬಸ್ಸು ನಿಲ್ಲುತ್ತಿತ್ತು. ಊರಿನ ಮಕ್ಕಳೆಲ್ಲ ಅವಳ ಹಾಗೆ ಕೂಗಿ ಮನೆಯಲ್ಲಿ ಪೆಟ್ಟು ತಿನ್ನುತ್ತಿದ್ದರು. ಗಂಟಲತ್ತೆಗೆ ದನಿ ಕೊಡುತ್ತಿದ್ದವಳು ಕಚ್ಚಾ ಅಕ್ಕನ ಒಡಹುಟ್ಟಿದ ತಂಗಿ.

ತಂಗಿಯನ್ನು ಅಲ್ಲಿಗೆ ತಂದವಳು ಅಕ್ಕನೇ. ಧಾರಾವಾಹಿ ಶುರುವಾಗುವ ಮುಂಚೆ ನಿರ್ದೇಶಕ ಗಂಟಲತ್ತೆಗೆ ದನಿ ಹುಡುಕುತ್ತಿದ್ದ. ಅಕ್ಕ ತಿಂಗಳುಗಟ್ಟಲೆ ಅಭ್ಯಾಸ ಮಾಡಿ, ಒಂದು ಬೆಳಿಗ್ಗೆ ಹೋಗಿ ಮಾತಾಡಿ ತೋರಿಸಿದಳು. 'ಚೆನ್ನಾಗಿದೆ, ನೋಡೋಣ' ಎಂದ ಆತ. ಮಧ್ಯಾಹ್ನ ಮನೆಯ ಬೀಗದ ಕೈ ಕೊಟ್ಟು ಹೋಗಲು ತಂಗಿ ಕಚೇರಿಗೆ ಬಂದಳು.

"ಒಳಗೆ ಹೋಗಿ ನಾಲ್ಕು ಮಾತಾಡಿ ಬಾರೇ. ಹೋಲಿಸಿ ನೋಡೋಕೆ ಇನ್ನೊಬ್ರು ಬೇಕಂತೆ" ಎಂದಳು ಅಕ್ಕ.

ಪಕ್ಕದಲ್ಲಿ ಒಂದು ಕಳಪೆ ದನಿ ಇದ್ದರೆ ತನ್ನದು ಎದ್ದು ಕಾಣುತ್ತದೆ ಎಂಬುದು ಅವಳ ಲೆಕ್ಕ. ತಂಗಿ ತರಕಾರಿ ಚೀಲ ಹಿಡಿದುಕೊಂಡೇ ಒಳಗೆ ಹೋಗಿ, "ಏನು ಹೇಳ್ಬೇಕು ಸಾರ್? ಜೋರಾಗಾ, ಮೆಲ್ಲಗಾ?" ಎಂದು ಕೇಳಿದಳು. ನಿರ್ದೇಶಕ ನಕ್ಕು ನಕ್ಕು ಮೇಜು ಹಿಡಿದುಕೊಂಡ. ಮುಂದೆ ಏನೂ ಹೇಳಿಸುವ ಅಗತ್ಯ ಬೀಳಲಿಲ್ಲ.

ಅಂದಿನಿಂದ ಅಕ್ಕನ ಹೊಟ್ಟೆಯಲ್ಲಿ ಬೆಂಕಿ ಆರಲಿಲ್ಲ. ಮನೆಯ ಕೆಳಗಿನ ಭಾಗದಲ್ಲಿ ತಾಯಿ ಮತ್ತು ಅವಳು, ಮೇಲೆ ತಂಗಿ ಮತ್ತು ಅವಳ ಗಂಡ. ಮೆಟ್ಟಿಲ ಬುಡದಲ್ಲಿ ಹೊಸ ಚಪ್ಪಲಿಗಳು ಕಂಡರೆ ತಂಗಿಯನ್ನು ನೋಡಲು ಯಾರೋ ಬಂದಿದ್ದಾರೆಂದು ತಿಳಿದು ಬೇಕೆಂದೇ ಅವನ್ನು ಕಾಲಿನಿಂದ ಸರಿಸಿ ಹೋಗುತ್ತಿದ್ದಳು. ಧಾರಾವಾಹಿ ಶುರುವಾದೊಡನೆ ಅಮ್ಮನ ಕಿವಿಗೆ ಒಳ್ಳೆಯದಲ್ಲ ಎಂದು ಟೀವಿಯ ಸದ್ದು ತಗ್ಗಿಸುತ್ತಿದ್ದಳು. "ಸದ್ದು ಮಾಡೇ, ನನ್ನ ಚಿಕ್ಕವಳು ಮಾತಾಡ್ತಿದಾಳೆ" ಎಂದು ತಾಯಿ ಗದರುತ್ತಿದ್ದಳು.

"ನಾನು ಅಗಿದು ಕೊಡ್ತೀನಿ, ಅವಳು ನುಂಗ್ತಾಳೆ ಅಷ್ಟೆ" ಎಂದು ಅಕ್ಕ ಚಿತ್ರದವರ ಬಳಿ ಹೇಳಿಕೊಳ್ಳುತ್ತಿದ್ದಳು. ಅದರಲ್ಲಿ ಸ್ವಲ್ಪ ನಿಜವಿತ್ತು. ಕಚ್ಚಾ ದನಿಯನ್ನು ಕಿವಿಯಲ್ಲಿ ಇಟ್ಟುಕೊಂಡೇ ತಂಗಿ ಮಾತಾಡುತ್ತಿದ್ದಳು. ಆದರೆ ಅವಳ ಬಾಯಿಂದ ಬಂದಾಗ ಜನ ನಗುತ್ತಿದ್ದರು. ಆ ಭಾಗವನ್ನು ಅಕ್ಕ ಹೇಳುತ್ತಿರಲಿಲ್ಲ.

ಹೀಗಿರುವಾಗ ಸಂಭಾಷಣೆ ಬರೆಯುವವನು ಒಂದು ಕಂತು ಬರೆದ. ಗಂಟಲತ್ತೆಗೆ ಇದ್ದಕ್ಕಿದ್ದಂತೆ ತಾನು ಹುಟ್ಟು ನಟಿ ಎಂಬ ಭ್ರಮೆ ಹತ್ತುತ್ತದೆ. ಕಪ್ಪು ಕನ್ನಡಕ ಹಾಕಿಕೊಂಡು ತರಕಾರಿಗೆ ಹೋಗುತ್ತಾಳೆ. ಗಂಟಲು ಕೆಡಬಾರದೆಂದು ಬೇಸಿಗೆಯಲ್ಲೂ ಸ್ಕಾರ್ಫ್ ಸುತ್ತುತ್ತಾಳೆ, ಹೋದಲ್ಲೆಲ್ಲ ಬಿಸಿನೀರಿನ ಫ್ಲಾಸ್ಕ್ ಒಯ್ಯುತ್ತಾಳೆ. ಹಾಲಿನವನು ಪಾತ್ರೆ ತನ್ನಿ ಎಂದರೆ, "ಹಸ್ತಾಕ್ಷರ ಈಗ ಬೇಡಪ್ಪ, ಜನ ಸೇರ್ತಾರೆ" ಎನ್ನುತ್ತಾಳೆ. ಬಚ್ಚಲುಮನೆಯ ಕನ್ನಡಿಯ ಮುಂದೆ ಅಳುವುದನ್ನು ಕಲಿಯುತ್ತಾಳೆ: "ಇನ್ನೊಂದ್ಸಲ ತಗೊಳ್ಳೋಣ್ವಾ? ಕಣ್ಣೀರು ಎಡಗಣ್ಣಲ್ಲಿ ಮಾತ್ರ ಬಂತು." ಕೊನೆಗೆ ಸಿನಿಮಾದಲ್ಲಿ ಅವಳಿಗೆ ಸಿಗುವ ಪಾತ್ರ, ಮುಚ್ಚಿದ ಬಾಗಿಲ ಹಿಂದಿನಿಂದ ಒಂದು ಕಿರುಚು.

ಓದಲು ಕುಳಿತ ಅಕ್ಕನಿಗೆ ಕಪ್ಪು ಕನ್ನಡಕ ಎಂದೊಡನೆ ತಂಗಿಯ ಮುಖ ಎದುರು ನಿಂತಿತು. ತಂಗಿಗೆ ಬಿಸಿಲು ಆಗುವುದಿಲ್ಲ, ಹೊರಗೆ ಹೊರಟರೆ ಕಪ್ಪು ಕನ್ನಡಕ ಬೇಕೇ ಬೇಕು. ಕಡೆಗೂ ಯಾರೋ ಇವಳ ಜಂಬ ಕಂಡುಹಿಡಿದರಲ್ಲ ಎಂದು ಅಕ್ಕನಿಗೆ ಮೈಯೆಲ್ಲ ಹಿಗ್ಗಾಯಿತು. ಅಂದು ಅವಳು ಓದಿದ ಹಾಗೆ ಹಿಂದೆಂದೂ ಓದಿರಲಿಲ್ಲ. ತಂಗಿ ಮಾತಿನ ಕೊನೆಯಲ್ಲಿ ಉಸಿರು ಎಳೆಯುವುದು, ಫೋನಿನಲ್ಲಿ 'ಅಯ್ಯೋ, ನಾನೆಲ್ಲಿ ಕಲಾವಿದೆ' ಎಂದು ರಾಗ ತೆಗೆಯುವುದು, ವರ್ಷಗಟ್ಟಲೆ ಹಲ್ಲು ಕಚ್ಚಿ ಕೇಳಿಸಿಕೊಂಡದ್ದನ್ನೆಲ್ಲ ಗಂಟಲತ್ತೆಯ ಬಾಯಲ್ಲಿ ಇಟ್ಟು ಹಿಂಡಿದಳು. ಚಿತ್ರ ಬರೆಯುವವರು ಬಾಗಿಲಲ್ಲಿ ಬಂದು ನಿಂತರು. ಒಬ್ಬ ನಗು ತಡೆಯಲಾರದೆ ನೆಲದ ಮೇಲೆ ಕುಳಿತುಬಿಟ್ಟ.

ನಿರ್ದೇಶಕ ಕೇಳಿದ, ಮತ್ತೆ ಹಾಕಿಸಿ ಕೇಳಿದ. "ಇದನ್ನ ಯಾರು ಅಳಿಸ್ತೀರೋ ನೋಡ್ತೀನಿ. ಈ ಕಂತಿಗೆ ಅಕ್ಕನ ದನಿನೇ. ಕೆಳಗಿನ ಟೈರ್ ಅಂಗಡಿ ಸುತ್ತಿಗೆ ಕೇಳಿಸ್ತಿದೆ, ಅದಕ್ಕೆ ಒಳಗಿನ ರೆಕಾರ್ಡಿಂಗ್ ಕೋಣೇಲಿ ಇನ್ನೊಂದು ಸಲ ಹೇಳಿಬಿಡಿ" ಎಂದ.

ಕಲಾವಿದರಿಗೆ ಫೋನು ಮಾಡುವುದು ಅಕ್ಕನ ಕೆಲಸವಲ್ಲವೆ? ಸಂಜೆ ಮನೆಯಲ್ಲಿ ಮೇಲಿನ ಮಹಡಿಗೆ ಹತ್ತಿ ತಂಗಿಗೆ ಹೇಳಬಹುದಾದದ್ದನ್ನು ಅವಳು ಕಚೇರಿಯಿಂದ ಫೋನಿನಲ್ಲೇ ಹೇಳಿದಳು.

"ಈ ಕಂತಿಗೆ ನೀನು ಬರೋದು ಬೇಡ ಕಣೇ."

"ಯಾಕಕ್ಕ? ಗಂಟಲತ್ತೆ ಇಲ್ವಾ?"

"ಇದಾಳೆ. ಬೇರೆ ಕಲಾವಿದರು ಸಿಕ್ಕಿದಾರೆ" ಎಂದು ಫೋನು ಇಟ್ಟಳು. ಅಷ್ಟು ರುಚಿಯಾದ ಮಾತನ್ನು ಅವಳು ಆ ಕುರ್ಚಿಯಲ್ಲಿ ಕುಳಿತು ಎಂದೂ ಆಡಿರಲಿಲ್ಲ.

ರೆಕಾರ್ಡಿಂಗಿನ ದಿನ ಅವಳು ಬಿಸಿನೀರು ತುಂಬಿಕೊಳ್ಳಲು ಚಹಾದ ಮೂಲೆಗೆ ಹೋದಾಗ ಸಂಭಾಷಣೆಕಾರ ಹಿಂದೆಯೇ ಬಂದ. ಒಳ್ಳೆಯ ಸ್ವಭಾವದವನು, ಹೇಡಿ.

"ಅಕ್ಕಾ, ನಿಮ್ಮದು ದೊಡ್ಡ ಮನಸ್ಸು. ಬೇಜಾರು ಮಾಡ್ಕೋತೀರೇನೋ ಅಂತ ನಂಗೆ ನಿದ್ದೆ ಬಂದಿರ್ಲಿಲ್ಲ."

"ನಂಗ್ಯಾಕಪ್ಪ ಬೇಜಾರು?"

"ಅಲ್ಲ, ಆ ಸ್ಕಾರ್ಫು, ಫ್ಲಾಸ್ಕು..." ಎಂದವನು ಅವಳ ಕೊರಳನ್ನು ನೋಡಿ, ಕೈಯನ್ನು ನೋಡಿ, ನೆಲ ನೋಡಿದ.

ಅಕ್ಕನೂ ತನ್ನ ಕೈಯಲ್ಲಿದ್ದ ಫ್ಲಾಸ್ಕನ್ನು ನೋಡಿದಳು. ಅದರ ಮುಚ್ಚಳ ತಿರುಗಿಸುತ್ತ ಕೇಳಿದಳು: "ಮತ್ತೆ ಕಪ್ಪು ಕನ್ನಡಕ?"

"ಅದನ್ನ ನಾನೇ ಸೇರಿಸಿದ್ದು. ನೀವು ಅಂತ ಯಾರಿಗೂ ಗೊತ್ತಾಗ್ಬಾರ್ದಲ್ಲ ಅಂತ."

"ಕನ್ನಡಿ ಮುಂದೆ ಅಳೋದು ನಿಂಗೆ ಯಾರು ಹೇಳಿದ್ದು?"

ಅವನು ಹೇಳುವ ಅಗತ್ಯವಿರಲಿಲ್ಲ. ಅಕ್ಕನ ಬಚ್ಚಲುಮನೆಯ ಸದ್ದು ಕೇಳಿಸುವುದು ಮನೆಯ ಮೇಲಿನ ಮಹಡಿಗೆ, ತಂಗಿಗೆ ಮಾತ್ರ.

ಹೊರಗೆ ಬಂದರೆ ಬೆಂಚಿನ ಮೇಲೆ ತಂಗಿ ಕುಳಿತಿದ್ದಳು. ಅವಳಿಗೂ ವಿಷಯ ಮುಟ್ಟಿತ್ತು. ಎದ್ದು ಬಂದು ಅಕ್ಕನ ಕೈ ಹಿಡಿದುಕೊಂಡಳು.

"ಅಕ್ಕ, ನಾನು ಏನೋ ತಮಾಷೆಗೆ ಹೇಳಿದ್ದೆ. ಇವರು ಕಂತೇ ಮಾಡ್ತಾರೆ ಅಂತ ನಂಗೇನು ಗೊತ್ತು? ನೀನು ಮನೆಗೆ ಹೋಗು. ನಿನ್ನ ಬಾಯಲ್ಲೇ ನಿನ್ನನ್ನ ಆಡಿಸೋದು ಬೇಡ. ಇದನ್ನ ನಾನೇ ಮಾಡಿ ಮುಗಿಸ್ತೀನಿ."

"ಏನಂದೆ?"

"ನಾನೇ ಮಾಡ್ತೀನಿ ಅಂದೆ. ನಿಂಗೆ ನೋವಾಗೋದು ಬೇಡ ಅಂತ."

"ಎಲ್ಲಾ ನೀನೇ ಮಾಡಿದ್ದಾಯ್ತು. ಇನ್ನು ನನ್ನನ್ನೂ ನೀನೇ ಮಾಡ್ಬೇಕಾ?" ಎಂದು ಕೈ ಬಿಡಿಸಿಕೊಂಡು ಅಕ್ಕ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಆ ಬಾಗಿಲು ದಪ್ಪ, ಒಳಗಿನ ಸದ್ದು ಹೊರಗೆ ಬರುವುದಿಲ್ಲ. ಗಾಜಿನಾಚೆ ಬಾಯಿ ಆಡುವುದಷ್ಟೇ ತಂಗಿಗೆ ಕಾಣುತ್ತಿತ್ತು. ಮೊದಲ ಸಲದ ಸಲೀಸು ಅಂದು ಬರಲಿಲ್ಲ. ತಂಗಿಯನ್ನು ಆಡಿಕೊಳ್ಳುವಾಗ ಮಾತು ತಾನಾಗಿ ಹರಿದಿತ್ತು. ಈಗ ಪ್ರತಿ ವಾಕ್ಯದಲ್ಲೂ ತನ್ನ ಸ್ಕಾರ್ಫ್ ಅಡ್ಡ ಬರುತ್ತಿತ್ತು. ಹಾಲಿನವನ ಸಾಲನ್ನು ಮೂರು ಸಲ ತಪ್ಪಿದಳು. ಕನ್ನಡಿಯ ಮುಂದಿನ ಅಳು ಬಂದಾಗ ನಿರ್ದೇಶಕ, "ಸ್ವಲ್ಪ ಕಡಿಮೆ ಮಾಡಿ, ಇದು ತಮಾಷೆ" ಎಂದ. ಅವಳು ಕಡಿಮೆ ಮಾಡಿದಳು. ಬಾಗಿಲ ಹಿಂದಿನ ಕಿರುಚು ಮಾತ್ರ ಒಂದೇ ಸಲಕ್ಕೆ ಸರಿಬಂತು. ಒಟ್ಟಿನಲ್ಲಿ ಕಂತು ಸಾಗಿತು. ಅದ್ಭುತ ಎಂದು ಯಾರೂ ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ.

ಪ್ರಸಾರದ ಸಂಜೆ ತಂಗಿ ಗಂಡನೊಂದಿಗೆ ಕೆಳಗೆ ಬಂದಳು. ಅಂದು ಟೀವಿಯ ಸದ್ದನ್ನು ಅಕ್ಕ ಏರಿಸಿದಳು. ತಾಯಿ ನಕ್ಕು ಕಣ್ಣೊರೆಸಿಕೊಂಡು ಚಿಕ್ಕ ಮಗಳ ಬೆನ್ನು ತಟ್ಟಿದಳು.

"ಇವತ್ತು ನೀನು ಎಲ್ಲಾ ದಿನಕ್ಕಿಂತ ಚೆನ್ನಾಗಿ ಮಾಡಿದೀಯ ಕಣೇ."

"ಅದು ಅಕ್ಕ ಅಮ್ಮಾ. ನಾನಲ್ಲ."

"ಹೌದಾ? ನಿಮ್ಮಿಬ್ರದ್ದೂ ಒಂದೇ ಗಂಟಲು ಬಿಡು" ಎಂದು ತಾಯಿ ಮತ್ತೆ ಟೀವಿಯತ್ತ ತಿರುಗಿದಳು.

ಅಕ್ಕ ಪರದೆಯನ್ನು ನೋಡುತ್ತಿರಲಿಲ್ಲ, ತಂಗಿಯ ಮುಖ ನೋಡುತ್ತಿದ್ದಳು. ತಾನು ಉಂಡದ್ದನ್ನು ಒಂದು ಸಂಜೆಯಾದರೂ ಅವಳು ಉಣ್ಣಲಿ ಎಂದು ಕಾಯುತ್ತಿದ್ದಳು. ತುಟಿ ಬಿಗಿಯುವುದೋ, ನಗು ತಡವಾಗುವುದೋ, ಎಷ್ಟು ಸಣ್ಣ ಗುರುತಾದರೂ ಸಾಕಿತ್ತು. ಏನೂ ಇರಲಿಲ್ಲ. ತಂಗಿ ಕಿರುಚಿನ ಜಾಗದಲ್ಲಿ ಚಪ್ಪಾಳೆ ಹೊಡೆದಳು.

"ಅಕ್ಕ, ಕೇಳು. ಗಂಟಲತ್ತೆಗೆ ಒಬ್ಬಳು ಅಕ್ಕನ್ನ ತರ್ತಾರಂತೆ. ಇನ್ಮೇಲೆ ಪ್ರತಿ ಕಂತಲ್ಲೂ ಇರ್ತಾಳೆ. ನೀನೇ ಮಾಡ್ಬೇಕು ಅಂತ ನಾನು ಸಾರ್ ಹತ್ರ ಹೇಳಿದೀನಿ, ಅವರೂ ಒಪ್ಪಿದಾರೆ. ನಾಳೆ ನೀನು ಹ್ಞೂಂ ಅಂದ್ರೆ ಆಯ್ತು."

"ನೀನು ಹೇಳಿದ್ಯಾ?"

"ಹ್ಞೂಂ, ನಾನೇ ಹೇಳ್ದೆ."

"ಹಾಗಾದ್ರೆ ನಂಗೆ ಬೇಡ."

ತಂಗಿಯ ಗಂಡನೇ ಬಂದು ಕೇಳಿಕೊಂಡ, ತಾಯಿ ಬೈದಳು, ಮಾರನೆಯ ದಿನ ನಿರ್ದೇಶಕ ಎರಡು ಸಲ ಕೇಳಿದ. ಅವಳು ಮೇಜಿನ ಮೇಲಿನ ಫೋನನ್ನು ಒರೆಸುತ್ತ, ಗಂಟಲು ಸರಿಯಿಲ್ಲ ಎಂದಳು.

ಆ ಪಾತ್ರಕ್ಕೆ ಹೊರಗಿನಿಂದ ಒಬ್ಬ ಹೆಂಗಸನ್ನು ಕರೆತಂದರು. ಬ್ಯಾಂಕಿನಲ್ಲಿ ಕೆಲಸ, ನಾಟಕ ಮಾಡಿ ಗೊತ್ತಿಲ್ಲ, ದನಿಯೂ ಅಷ್ಟಕ್ಕಷ್ಟೆ. ಅಕ್ಕ ಆಕೆಗೆ ಫೋನು ಮಾಡಿ ಹೊತ್ತು ಹೇಳುತ್ತಾಳೆ, ಬಂದರೆ ಕೂರಿಸಿ ತನ್ನ ಫ್ಲಾಸ್ಕಿನಿಂದಲೇ ಬಿಸಿನೀರು ಕೊಡುತ್ತಾಳೆ, ಕಷ್ಟದ ಸಾಲಿದ್ದರೆ ಹೇಗೆ ಹೇಳಬೇಕೆಂದು ಹೇಳಿಕೊಡುತ್ತಾಳೆ. ನಿಮ್ಮ ಪಾತ್ರ ಆ ಬ್ಯಾಂಕಿನವಳು ತಿಂದಳಲ್ಲ ಎಂದು ಚಿತ್ರದವರು ಒಮ್ಮೆ ಕೆಣಕಿದರು.

"ಪಾಪ, ಅವರು ಹೊರಗಿನೋರು. ಅವರ ಮೇಲೆ ನಂಗೇನಿದೆ?" ಎಂದು ಅಕ್ಕ ಎದ್ದು ಹೋಗಿ ಮೀಟಿಂಗ್ ಕೋಣೆಯ ಕಿಟಕಿಗೆ ಕಂಬಳಿ ಕಟ್ಟಿದಳು.